ಮುಚ್ಚಳವಿಲ್ಲದ ಪಾತ್ರೆ

ನೋಟಿಸ್ ಬೋರ್ಡಿನ ಮೇಲಿದ್ದ ಕಾಗದವನ್ನು ಅಕ್ಕ ಪೂರ್ತಿ ಓದಿದಳು. ಓದಿ, ಅದನ್ನು ಹಿಡಿದಿದ್ದ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಅಂಗೈಯಲ್ಲಿಟ್ಟುಕೊಂಡಳು. ಕಾಗದ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಲಿಲ್ಲ, ದಾಟಿಕೊಂಡು ಮ್ಯಾನೇಜರನ ಕೋಣೆಗೆ ಹೋದಳು.

ಕಾಗದದಲ್ಲಿ ಇದ್ದದ್ದು ಇಷ್ಟೇ. ಸೋಮವಾರ ನಾಲ್ಕನೇ ಟ್ಯಾಂಕಿನಲ್ಲಿ ನಡೆದ ಅಪಘಾತಕ್ಕೆ ಕೆಲಸಗಾರನು ಮದ್ಯಪಾನ ಮಾಡಿ ಒಳಗಿಳಿದದ್ದೇ ಕಾರಣ. ಟ್ಯಾಂಕಿನ ಒಳಗೆ ಬಾಟಲಿ ದೊರೆತಿದೆ. ಎಲ್ಲರೂ ಎಚ್ಚರದಿಂದಿರತಕ್ಕದ್ದು.

ಆ ಕೆಲಸಗಾರ ಅಕ್ಕನ ಮೈದುನ. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದ ಒಬ್ಬನೇ ಗಂಡುದಿಕ್ಕು. ಸಣಕಲು ಆಳು, ಎಂಥ ಕಿರಿದಾದ ಬಾಯಿಯಿಂದಲೂ ಟ್ಯಾಂಕಿನೊಳಗೆ ನುಸುಳುತ್ತಿದ್ದನೆಂದು ಶೆಡ್ಡಿನಲ್ಲಿ ಅವನನ್ನು ಮುಂಗುಸಿ ಎನ್ನುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಹಾಲು ತುಂಬುವ ಸ್ಟೀಲ್ ಟ್ಯಾಂಕುಗಳು. ಎರಡಾಳು ಎತ್ತರ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ದುಂಡನೆಯ ಬಾಯಿ, ಒಳಗೆ ಕನ್ನಡಿಯ ಹಾಗೆ ಹೊಳೆಯುವ ಗೋಡೆ. ಬೆಸುಗೆಯ ಕೆಲಸಕ್ಕೆಲ್ಲ ಅಕ್ಕನೇ ಹಿರಿಯಳು. ಇಪ್ಪತ್ತೆರಡು ವರ್ಷದಿಂದ ಅವಳ ಮಾತೇ ಅಲ್ಲಿ ಕಾಯಿದೆ.

ಸೋಮವಾರ ಊಟ ಮುಗಿಸಿ ಬಂದ ಮುಂಗುಸಿ, ಟ್ಯಾಂಕಿನ ತಳ ಮುಟ್ಟಿ ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಕುಸಿದಿದ್ದ. ಸೊಂಟಕ್ಕೆ ಹಗ್ಗವಿತ್ತು. ಅಕ್ಕನೂ ಇನ್ನಿಬ್ಬರೂ ಸೇರಿ ಎಳೆದು ಹಾಕಿದ್ದಕ್ಕೆ ಜೀವ ಉಳಿಯಿತು. ಈಗ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ, ಕೈ ಹಿಡಿದರೆ ಹಿಡಿಯುತ್ತಾನೆ, ನಾಲಿಗೆ ಮಾತ್ರ ಹೊರಳುವುದಿಲ್ಲ. ತನ್ನ ಪರವಾಗಿ ಒಂದು ಮಾತು ಆಡಲಾರ.

ಕೋಪ ಬಂದರೆ ಅಕ್ಕ ಕೂಗುವವಳಲ್ಲ. ಅವಳ ದನಿ ಇಳಿಯುತ್ತಿತ್ತು. ಅಕ್ಕನ ಮಾತು ಕೇಳಲು ಕಿವಿ ಹತ್ತಿರ ತರಬೇಕಾಗಿ ಬಂತೆಂದರೆ ಅಲ್ಲಿಂದ ಓಡುವುದೇ ಕ್ಷೇಮ ಎಂಬುದು ಶೆಡ್ಡಿಗೆಲ್ಲ ಗೊತ್ತಿತ್ತು. ಮ್ಯಾನೇಜರ್ ಬಂದು ಒಂದೇ ವರ್ಷ. ಅವನಿಗೆ ಗೊತ್ತಿರಲಿಲ್ಲ.

"ಬನ್ನಿ ಅಕ್ಕ, ನಿಮ್ಮನ್ನೇ ಕಾಯ್ತಿದ್ದೆ," ಎಂದು ಅವನು ಒಂದು ಹಾಳೆ ಮುಂದೆ ಜರುಗಿಸಿದ. "ಮಧ್ಯಾಹ್ನ ಎರಡಕ್ಕೆ ಸುರಕ್ಷತೆ ಇನ್ಸ್‌ಪೆಕ್ಟರ್ ಬರ್ತಾರೆ. ಎಳೆದು ಹಾಕಿದೋರು ನೀವಲ್ವಾ, ಸಾಕ್ಷಿ ಅಂತ ಇಲ್ಲೊಂದು ಸೈನ್ ಹಾಕಿ."

"ಅವನು ಕುಡಿದಿದ್ದ ಅಂತ ಯಾರು ನೋಡಿದ್ದು?"

"ಏನಂದ್ರಿ?"

"ಯಾರು ನೋಡಿದ್ದು ಅಂದೆ."

"ಬಾಟಲಿ ಸಿಕ್ಕಿದೆಯಲ್ಲ. ಮೇಲಿಂದಲೇ ಕೊಕ್ಕೆ ಹಾಕಿ ಎತ್ತಿಸಿ ಬೀರುವಿನಲ್ಲಿ ಇಟ್ಟಿದೀನಿ, ಇನ್ಸ್‌ಪೆಕ್ಟರ್ ಕೈಗೇ ಕೊಡೋದು. ಮೊದಲು ಕುಡೀತಿದ್ದ ಅನ್ನೋದು ಊರಿಗೇ ಗೊತ್ತಲ್ವಾ ಅಕ್ಕ. ನಾನೇನು ಕಥೆ ಕಟ್ತಿದೀನಾ?"

ಇದೇ ಮುಳ್ಳು. ಮುಂಗುಸಿ ಕುಡಿಯುತ್ತಿದ್ದುದು ನಿಜ. ಆರು ವರ್ಷದ ಹಿಂದೆ ಅವನ ಹೆಂಡತಿ, ಅಂದರೆ ಅಕ್ಕನ ಓರಗಿತ್ತಿ, ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತು, ಇನ್ನೊಂದು ಹನಿ ಬಾಯಿಗೆ ಬಿದ್ದ ದಿನ ನಾನಿಲ್ಲ ಎಂದಿದ್ದಳು. ಅವತ್ತಿನಿಂದ ಅವನು ಮುಟ್ಟಿರಲಿಲ್ಲ. ಆದರೆ ಹೆಸರು ಕೆಡುವುದಕ್ಕೆ ಒಂದು ಸಂಜೆ ಸಾಕು, ತೊಳೆಯಲು ಆರು ವರ್ಷವೂ ಸಾಲದು.

ಆ ಬೆಳಿಗ್ಗೆಯಷ್ಟೇ ಆಸ್ಪತ್ರೆಯಲ್ಲಿ ಓರಗಿತ್ತಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ.

"ಬಾಟಲಿ ಸಿಕ್ತಂತೆ ಅಕ್ಕ," ಎಂದಿದ್ದಳು. "ಫ್ಯಾಕ್ಟರಿಯವರು ಬಂದು ಹೇಳಿ ಹೋದ್ರು. ನಾಳೆ ಮಗಳನ್ನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ."

"ಅವನ ಬಾಯಿ ಬಿದ್ದುಹೋಗಿದೆ, ಈಗ ಬಿಟ್ಟು ಹೋಗ್ತೀಯಾ?"

"ಬಾಯಿದ್ದಾಗ ಮಾತು ಕೊಟ್ಟಿದ್ರಲ್ಲ."

"ಡಾಕ್ಟರ್ ಏನಂದ್ರು?"

"ಮೊದಲನೇ ದಿನ ಯಾರೂ ರಕ್ತ ನೋಡಲಿಲ್ಲವಂತೆ. ಕುಡಿದು ಬಿದ್ದ ಅಂತ ಹೇಳಿ ಸೇರಿಸಿದ್ರಂತೆ. ಈಗ ನೋಡಿದ್ರೆ ಏನೂ ಗೊತ್ತಾಗಲ್ವಂತೆ. ನೀವು ನಿಮ್ಮ ಮೈದುನನ ಕಡೆ ಮಾತಾಡ್ತೀರಿ ಅಕ್ಕ, ಅದು ಸಹಜ. ನಾನು ಯಾರ ಕಡೆ ಮಾತಾಡಲಿ?"

ಆ ಮಾತು ಹೊತ್ತುಕೊಂಡೇ ಅಕ್ಕ ಶೆಡ್ಡಿಗೆ ಬಂದಿದ್ದಳು. ಈಗ ಮ್ಯಾನೇಜರನ ಮೇಜಿನ ಮುಂದೆ ನಿಂತು ಅವಳು ಆ ನಾಲ್ಕು ಪಿನ್ನುಗಳನ್ನು ಅವನ ಹಾಳೆಯ ಮೇಲೆ ಸುರಿದಳು.

"ಎರಡು ಗಂಟೆಗೆ ನೋಡೋಣ," ಎಂದಳು. ಅವನಿಗೆ ಸರಿಯಾಗಿ ಕೇಳಿಸಲಿಲ್ಲ.

ಹೊರಗೆ ಗ್ಯಾಸ್ ಸಿಲಿಂಡರ್ ಲಾರಿ ಬಂದಿತ್ತು. ಅದರ ಡ್ರೈವರನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಅವನನ್ನು ನಿಲ್ಲಿಸುವ ಗುಂಡಿ ಯಾರಿಗೂ ಸಿಕ್ಕಿರಲಿಲ್ಲ. ನಾಲ್ಕನೇ ಟ್ಯಾಂಕಿನ ಪಕ್ಕದ ಸಿಲಿಂಡರನ್ನು ಅವನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಮೀಟರಿನ ಮುಳ್ಳು ನೋಡಿ, ಮತ್ತೆ ತಟ್ಟಿದ.

"ಇದು ಖಾಲಿ. ಸೋಮವಾರ ಬೆಳಿಗ್ಗೆ ನಾನೇ ಇಳಿಸಿದ್ದು. ಅವತ್ತಿಂದ ಈ ಟ್ಯಾಂಕಿಗೆ ಕೆಲಸ ಬಂದ್ ಅಂತೀರಿ. ಯಾರಕ್ಕ ಕುಡಿದಿದ್ದು ಇದನ್ನ?"

"ಕುಡಿಯೋ ಮಾತು ಇವತ್ತು ಎತ್ತಬೇಡ ನೀನು."

ರೇಡಿಯೋ ಅವಳ ಮುಖ ನೋಡಿ ಧ್ವನಿ ತಗ್ಗಿಸಿದ. "ಅಲ್ಲ, ಮೂರು ದಿನದ ಬೆಸುಗೆಗೆ ಬರಬೇಕಾದ ಆರ್ಗಾನ್ ಗ್ಯಾಸು. ಅರ್ಧ ದಿನದ ಕೆಲಸಕ್ಕೇ ಮುಗಿದಿದೆ ಅಂದ್ರೆ ಸೋರಿದೆ."

ಅಕ್ಕ ಬಗ್ಗಿ ಕೊಳವೆ ಹಿಡಿದು ನೋಡುತ್ತಾ ಹೋದಳು. ಸಿಲಿಂಡರಿನಿಂದ ಹೊರಟ ಕೊಳವೆ ಟ್ಯಾಂಕಿನ ಬಾಯಿ ಹತ್ತಿ ಒಳಗಿಳಿದಿತ್ತು. ಸೋಮವಾರ ಹೇಗಿತ್ತೋ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಊಟಕ್ಕೆ ಹೋಗುವಾಗ ಯಾರೂ ವಾಲ್ವು ಮುಚ್ಚಿರಲಿಲ್ಲ. ತಳದ ಜೋಡಣೆ ಸಡಿಲವಾಗಿದ್ದರೆ ಊಟದ ಅಷ್ಟು ಹೊತ್ತೂ ಒಳಗೆ ಸೋರಿರಬೇಕು.

"ಸೋರಿದ್ರೂ ಮೇಲಕ್ಕೆ ಹೋಗಿರುತ್ತೆ," ಎಂದಳು. "ಟ್ಯಾಂಕಿನ ಬಾಯಿ ತೆರೆದೇ ಇತ್ತಲ್ಲ."

"ಮೇಲಕ್ಕಾ?" ರೇಡಿಯೋ ನಕ್ಕ. "ಅಕ್ಕ, ನನ್ನ ಲಾರೀಲಿ ಎರಡು ಥರದ ಗ್ಯಾಸ್ ಬರುತ್ತೆ. ಬಲೂನಿಗೆ ತುಂಬೋ ಹೀಲಿಯಂ ಒಂದು. ಅದು ಮನೆ ಬಿಟ್ಟು ಓಡಿಹೋಗೋ ಪೈಕಿ. ಹಗುರ, ಕಾಲು ಜೋರು. ಹೋಗ್ತಾ ಹೋಗ್ತಾ ಒಂದಿನ ಭೂಮಿಯನ್ನೇ ಬಿಟ್ಟು ಹೋಗಿಬಿಡುತ್ತೆ, ತಿರುಗಿ ನೋಡಲ್ಲ. ನಿಮ್ಮ ಆರ್ಗಾನು ಮನೆಯಳಿಯ ಇದ್ದಂಗೆ. ಬಾಗಿಲು ತೆರೆದಿಟ್ಟು ಹೊರಗೆ ನೂಕಿದ್ರೂ ಎದ್ದು ಹೋಗಲ್ಲ, ತಳ ಹಿಡಿದು ಕೂರುತ್ತೆ."

"ಗ್ಯಾಸಿಗೆ ಎಂಥ ತಳನೋ?"

"ಯಾಕಿಲ್ಲ, ತೂಕ ಇದೆಯಲ್ಲ. ನೀವು ನಾನು ಉಸಿರಾಡೋ ಗಾಳೀನೂ ಭೂಮಿ ಎಳೆದು ಹಿಡ್ಕೊಂಡಿರೋದೇ. ಇಲ್ಲದಿದ್ರೆ ಈ ಗಾಳಿ ಇಲ್ಲೇ ಯಾಕಿದೆ ಹೇಳಿ? ಮೇಲೆ ಯಾರಾದ್ರೂ ಮುಚ್ಚಳ ಹಾಕಿದಾರಾ? ಕಲ್ಲು ಎಸೆದ್ರೆ ವಾಪಸ್ ಬೀಳಲ್ವಾ, ಇದೂ ಅದೇ ಕಥೆ. ಕಣ್ಣಿಗೆ ಕಾಣದ ಕಲ್ಲುಗಳು. ಹಾರುತ್ತೆ, ಎಳ್ಕೊಳ್ಳುತ್ತೆ, ಹಾರುತ್ತೆ, ಎಳ್ಕೊಳ್ಳುತ್ತೆ. ತಪ್ಪಿಸ್ಕೊಂಡು ಹೋಗೋಷ್ಟು ಓಟ ಅದಕ್ಕಿಲ್ಲ. ಚಂದ್ರನ ಹಿಡಿತ ಸಾಲದು, ಅದಕ್ಕೇ ಅಲ್ಲಿ ಗಾಳಿ ಇಲ್ಲ, ಬೋಳು."

"ಮತ್ತೆ ಆರ್ಗಾನು ಗಾಳೀಲಿ ಕಲೆತು ಹೋಗಲ್ವಾ?"

"ಬಯಲಲ್ಲಿ ಗಾಳಿ ಬೀಸುತ್ತೆ, ಕಲೆಯುತ್ತೆ. ಟ್ಯಾಂಕಿನೊಳಗೆ ಯಾರು ಸೌಟು ಹಾಕಿ ತಿರುಗಿಸ್ತಾರೆ? ಗಾಳಿಗಿಂತ ಭಾರ, ಕೆಳಗೆ ಕೂತು ಉಸಿರಾಡೋ ಗಾಳೀನ ಮೇಲಕ್ಕೆ ನೂಕುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ."

"ಡ್ರೈವರಿಗೆ ಇದೆಲ್ಲ ಯಾರು ಹೇಳಿದ್ರು?"

"ಎರಡು ದಿನ ಟ್ರೈನಿಂಗ್ ಇತ್ತು ಅಕ್ಕ. ಊಟ ಆದ್ಮೇಲೆ ಎಲ್ಲರೂ ನಿದ್ದೆ ಹೊಡೆದ್ರು. ನನಗೊಬ್ಬನಿಗೆ ಮುರಿದ ಕುರ್ಚಿ ಸಿಕ್ಕಿತ್ತು."

ಅಕ್ಕ ನಗಲಿಲ್ಲ. ಅವಳು ಖಾಲಿ ಸಿಲಿಂಡರಿನ ಮೇಲೆ ಕೈಯೂರಿ ನಿಂತಿದ್ದಳು. ಅವಳು ಬಾವಿ ತೋಡುವವನ ಮಗಳು. ಹಳೆಯ ಬಾವಿಗೆ ಇಳಿಯುವ ಮುಂಚೆ ಅಪ್ಪ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ, ಕೆಳಗೆ ಕೆಟ್ಟ ಗಾಳಿ ಕೂತಿದೆ, ಇವತ್ತು ಕೆಲಸವಿಲ್ಲ ಎನ್ನುತ್ತಿದ್ದ. ಹಗ್ಗವಿಲ್ಲದೆ ಯಾರೂ ಇಳಿಯಬಾರದೆಂಬುದೂ ಅಪ್ಪನದೇ ನಿಯಮ. ಅದನ್ನು ಅವಳು ಶೆಡ್ಡಿಗೆ ತಂದಿದ್ದಳು. ದೀಪವನ್ನು ತಂದಿರಲಿಲ್ಲ.

ತಂದದ್ದು ಇನ್ನೊಂದು ನಿಯಮ. ಒಳಗಿನ ಕೆಟ್ಟ ಗಾಳಿ ಹೀರಲು ಪ್ರತಿ ಟ್ಯಾಂಕಿಗೂ ಒಂದೊಂದು ಯಂತ್ರವಿತ್ತು, ಅದಕ್ಕೆ ತೊಡೆ ದಪ್ಪದ ಬಳುಕುವ ಪೈಪು. ಶೆಡ್ಡಿನವರು ಅದನ್ನು ಸೊಂಡಿಲು ಎನ್ನುತ್ತಿದ್ದರು. ಸೊಂಡಿಲು ಬಾಯಿಗೆ ಎಂದು ಅಕ್ಕ ಪ್ರತಿ ಹೊಸಬನಿಗೂ ಕಲಿಸಿದ್ದಳು. ಟ್ಯಾಂಕಿನ ಬಾಯಿಯ ಹತ್ತಿರವೇ ಅದನ್ನು ತೂಗುಹಾಕಬೇಕು. ಕಡ್ಡಿ ಸುಡುವ ಹಳೆಯ ಬೆಸುಗೆಯಲ್ಲಿ ದಟ್ಟ ಹೊಗೆ ಬರುತ್ತಿತ್ತು. ಬಿಸಿ ಹೊಗೆ ಮೇಲೇರುತ್ತದೆ, ಮೇಲಿನಿಂದ ಹೀರಿದರೆ ಸರಿ. ಎರಡು ವರ್ಷದ ಹಿಂದೆ ಕಡ್ಡಿ ಹೋಗಿ ಆರ್ಗಾನ್ ಬಂತು. ಹೊಗೆ ನಿಂತಿತು. ಸೊಂಡಿಲು ಮಾತ್ರ ಅಲ್ಲೇ ಉಳಿಯಿತು. ಸೋಮವಾರ ಮುಂಗುಸಿ ಇಳಿಯುವ ಮುಂಚೆ ಯಂತ್ರ ಹಾಕಿದ್ದ, ಕಾಯಿದೆಗೆ ಸರಿಯಾಗಿ. ಸೊಂಡಿಲು ಮೇಲಿನ ಒಳ್ಳೆಯ ಗಾಳಿಯನ್ನು ಹೀರುತ್ತಾ ಕೂತಿತ್ತು. ತಳದಲ್ಲಿದ್ದದ್ದು ತಳದಲ್ಲೇ ಇತ್ತು.

ಮ್ಯಾನೇಜರನ ಮೇಲಿದ್ದ ಕೋಪ ಕರಗಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು, ಅದಕ್ಕಿಂತ ದಪ್ಪನೆಯದು. ಅವನು ತಿಳಿಯದವನು. ನೀನು ಬಾವಿಯ ದಂಡೆಯಲ್ಲಿ ಬೆಳೆದವಳು, ನಿನಗೇನಾಗಿತ್ತು ಎಂದು ತನ್ನನ್ನೇ ಕೇಳಿಕೊಂಡಳು.

"ರೇಡಿಯೋ, ಒಂದು ತುಂಬಿದ ಸಿಲಿಂಡರ್ ಇಲ್ಲಿ ಇಳಿಸು," ಎಂದಳು. ಆಮೇಲೆ ಓರಗಿತ್ತಿಗೆ ಫೋನ್ ಮಾಡಿದಳು. "ಎರಡು ಗಂಟೆಗೆ ಶೆಡ್ಡಿಗೆ ಬಾ. ನನ್ನ ಮಾತು ನಂಬಬೇಡ. ನಿನ್ನ ಕಣ್ಣು ತಗೊಂಡು ಬಾ. ಆಮೇಲೆ ಅಮ್ಮನ ಮನೆಗೆ ಹೋಗೋದಿದ್ರೆ ನಾನೇ ಬಸ್ ಹತ್ತಿಸ್ತೀನಿ."

ಎರಡೂಕಾಲು ಗಂಟೆಗೆ ಇನ್ಸ್‌ಪೆಕ್ಟರ್ ಬಂದ. ನಿವೃತ್ತಿಗೆ ಹತ್ತಿರವಾದವನು, ಮಂಡಿ ನೋವಿನವನು. ಬಂದವನೇ ಕುರ್ಚಿ ಹುಡುಕಿದ. ಮ್ಯಾನೇಜರ್ ಬೀರು ತೆಗೆದು ಪ್ಲಾಸ್ಟಿಕ್ ಕವರಿನಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟ. ಚಪ್ಪಟೆ ಬಾಟಲಿ, ಅರ್ಧ ಹರಿದ ಸಾರಾಯಿ ಲೇಬಲ್ಲು, ಅಡಿಯಲ್ಲಿ ಎರಡು ಬೆರಳು ದ್ರವ. ಬಾಗಿಲಲ್ಲಿ ನಿಂತಿದ್ದ ಓರಗಿತ್ತಿ ಅದನ್ನು ನೋಡಿ ಮುಖ ಆಚೆ ತಿರುಗಿಸಿದಳು.

ಸಾಕ್ಷಿಯೆಂದು ಎತ್ತಿಟ್ಟಿದ್ದ ಆ ಬಾಟಲಿ ಯಾವುದೆಂದು ಅಕ್ಕ ಈಗಷ್ಟೇ ನೋಡುತ್ತಿದ್ದಳು. ಅದರ ಮುಚ್ಚಳಕ್ಕೆ ಮೊಳೆಯಿಂದ ಮೂರು ತೂತು ಹೊಡೆದಿತ್ತು. ತೂತು ಹೊಡೆದವಳು ಅವಳೇ.

"ಸರ್, ಇದನ್ನ ಮೂಸಿ ನೋಡಿದ್ರಾ?" ಎಂದು ಮ್ಯಾನೇಜರನನ್ನು ಕೇಳಿದಳು.

"ಏನು?"

"ಹತ್ತಿರ ಬನ್ನಿ, ಕೇಳಿಸುತ್ತೆ. ಮೂಸಿ ನೋಡಿದ್ರಾ ಅಂದೆ."

"ಸಾಕ್ಷಿ ವಸ್ತು ಅದು, ಮುಟ್ಟಬಾರದು ಅಂತ…"

"ಮುಟ್ಟದೇನೇ ಬೋರ್ಡಿಗೆ ಹಚ್ಚಿದ್ರಿ."

ಇನ್ಸ್‌ಪೆಕ್ಟರ್ ತಾನೇ ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದ. ಇನ್ನೊಮ್ಮೆ ಹಿಡಿದ. "ಸೋಪು," ಎಂದ.

"ಸೋಪಿನ ನೀರು," ಎಂದಳು ಅಕ್ಕ. "ಕೊಳವೆ ಜೋಡಣೆ ಮೇಲೆ ಚಿಮುಕಿಸಿದ್ರೆ, ಸೋರೋ ಕಡೆ ಗುಳ್ಳೆ ಏಳುತ್ತೆ. ಈ ಶೆಡ್ಡಿನಲ್ಲಿ ಇಂಥ ಬಾಟಲಿ ಒಂಬತ್ತಿದೆ. ರಸ್ತೆ ಬದಿ ಬಿದ್ದಿರ್ತವೆ, ತಂದು ತೊಳೆದು ಇಟ್ಕೋತೀವಿ. ಅವನಿಗೆ ಸೋರೋ ಸದ್ದು ಕೇಳಿಸಿದೆ ಸರ್. ನೋಡೋಕೆ ಅಂತ ಇಳಿದಿದಾನೆ."

ಓರಗಿತ್ತಿ ಎರಡು ಹೆಜ್ಜೆ ಒಳಗೆ ಬಂದಳು. ಇನ್ಸ್‌ಪೆಕ್ಟರ್ ಬಾಟಲಿಯನ್ನು ಅವಳ ಕಡೆ ಚಾಚಿದ. ಅವಳು ಮೂಸಿ, ಅದನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತಳು.

ಮ್ಯಾನೇಜರ್ ಬೇಗನೆ ಸುಧಾರಿಸಿಕೊಂಡ. "ಸರಿ, ಸೋಪೇ ಇರಲಿ. ಹೊರಗೆ ಕುಡಿದು ಬಂದಿರಬಹುದಲ್ಲ? ಸುಮ್ಮನೆ ಹೇಗೆ ಬೀಳ್ತಾನೆ? ಗ್ಯಾಸ್ ಸೋರಿತು ಅಂತೀರಿ, ಗ್ಯಾಸ್ ಅಂದ್ಮೇಲೆ ಮೇಲಕ್ಕೆ ಹೋಗುತ್ತೆ. ಬಾಯಿ ತೆರೆದಿತ್ತು. ಸೊಂಡಿಲು ಬೇರೆ ಓಡ್ತಿತ್ತು."

"ಮೇಲೆ ನೋಡಿ ಸರ್," ಎಂದಳು ಅಕ್ಕ.

ಅವನು ಶೆಡ್ಡಿನ ತಗಡು ನೋಡಿದ.

"ಅದರಾಚೆ. ಆಕಾಶಕ್ಕೆ ಮುಚ್ಚಳ ಇದೆಯಾ? ಗ್ಯಾಸ್ ಅಂದಿದ್ದೆಲ್ಲ ಮೇಲಕ್ಕೆ ಹೋಗೋ ಹಾಗಿದ್ರೆ, ನೀವು ಈ ಸುಳ್ಳು ಹೇಳೋಕೆ ಉಸಿರು ಎಲ್ಲಿಂದ ಎಳ್ಕೊಂಡ್ರಿ? ನಾವೆಲ್ಲ ಕೂತಿರೋದೂ ಒಂದು ಪಾತ್ರೆ ತಳದಲ್ಲೇ. ಗಾಳೀನ ಭೂಮಿ ಹಿಡಿದಿದೆ, ನಾವು ಬದುಕಿದೀವಿ. ಅದೇ ಹಿಡಿತ ಆರ್ಗಾನನ್ನ ಟ್ಯಾಂಕಿನ ತಳಕ್ಕೆ ಕೂರಿಸ್ತು, ಅವನು ಬಿದ್ದ. ಬನ್ನಿ, ತೋರಿಸ್ತೀನಿ."

ಸೋಮವಾರದ ಹಾಗೇ ಎಲ್ಲವನ್ನೂ ಅವಳು ಮೊದಲೇ ಅಣಿ ಮಾಡಿದ್ದಳು. ಅದೇ ಟ್ಯಾಂಕು, ಅದೇ ಕೊಳವೆ, ಅದೇ ಸಡಿಲ ಜೋಡಣೆ, ಬಾಯಿಯಲ್ಲಿ ಹೀರುತ್ತಿದ್ದ ಸೊಂಡಿಲು. ಸಿಲಿಂಡರ್ ತೆರೆದು ಊಟದ ಹೊತ್ತಿನಷ್ಟೇ ಸಮಯ ಕಳೆದಿತ್ತು. ಇನ್ಸ್‌ಪೆಕ್ಟರ್ ಮಂಡಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಒಂದೊಂದು ನಿಟ್ಟುಸಿರು ಬಿಡುತ್ತಾ ಏಣಿ ಹತ್ತಿ, ಟ್ಯಾಂಕಿನ ಬಾಯಿಯ ಸುತ್ತಲಿನ ಅಟ್ಟಣಿಗೆಯ ಮೇಲೆ ಕೂತ. ಹಿಂದೆ ಮ್ಯಾನೇಜರ್. ಕೊನೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓರಗಿತ್ತಿ.

ಅಕ್ಕ ಸೊಂಡಿಲಿನ ಯಂತ್ರ ನಿಲ್ಲಿಸಿದಳು. ಡಬ್ಬಿಯೊಂದರಲ್ಲಿ ಮೇಣದಬತ್ತಿ ಹಚ್ಚಿ ದಾರ ಕಟ್ಟಿ ಇಳಿಬಿಟ್ಟಳು. ಅರ್ಧ ದಾರಿಯಲ್ಲಿ ಜ್ವಾಲೆ, ಯಾರೋ ಬೆರಳಲ್ಲಿ ಚಿವುಟಿದ ಹಾಗೆ ಹೋಯಿತು.

"ಗಾಳಿಗೆ ಆರಿರಬೇಕು," ಎಂದ ಮ್ಯಾನೇಜರ್.

"ಟ್ಯಾಂಕಿನೊಳಗೆ ಯಾವ ಗಾಳಿ ಬೀಸ್ತು ಸರ್? ಬಾಟಲಿ ಕೊಡೇ," ಎಂದು ಅಕ್ಕ ಓರಗಿತ್ತಿಯ ಕಡೆ ಕೈ ಚಾಚಿದಳು.

ಬೆಸುಗೆ ತಂತಿಯನ್ನು ಬಳೆಯ ಹಾಗೆ ಬಗ್ಗಿಸಿಟ್ಟುಕೊಂಡಿದ್ದಳು. ಅದರ ಮೇಲೆ ಸೋಪಿನ ನೀರು ಸುರಿದು, ಬಾಯಿಯ ಅಂಚಿನಲ್ಲಿ ನಿಂತು ಮೆಲ್ಲಗೆ ಊದಿದಳು. ಕಿತ್ತಳೆ ಗಾತ್ರದ ಐದಾರು ಗುಳ್ಳೆಗಳು ಒಳಕ್ಕೆ ಇಳಿದವು. ರೇಡಿಯೋ ಪಕ್ಕದಿಂದ ಟಾರ್ಚಿನ ಬೆಳಕು ಬಿಟ್ಟ. ಗುಳ್ಳೆಗಳು ಇಳಿಯುತ್ತಾ ಇಳಿಯುತ್ತಾ, ತಳಕ್ಕೆ ಇನ್ನೂ ಒಂದಾಳು ಉದ್ದ ಇರುವಾಗ ನಿಂತುಬಿಟ್ಟವು. ಕೆಳಗೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದರ ಮೇಲೆ, ಕೆರೆಯ ಮೇಲಿನ ಬಾತುಕೋಳಿಗಳ ಹಾಗೆ, ಮೆಲ್ಲಗೆ ಏಳುತ್ತಾ ಬೀಳುತ್ತಾ ತೇಲಿದವು.

"ಅಲ್ಲಿವರೆಗೂ ತುಂಬಿದೆ," ಎಂದಳು ಅಕ್ಕ. "ಅವನು ನಿಂತ್ರೆ ತಲೆ ಅದರ ಕೆಳಗೇ. ಕಾಣದ ನೀರಲ್ಲಿ ಮುಳುಗಿದ ಸರ್ ಅವನು. ಹೀಗೆ ಬೀಳೋಕೆ ಯಾರೂ ಕುಡಿದಿರಬೇಕಾಗಿಲ್ಲ."

ಇನ್ಸ್‌ಪೆಕ್ಟರ್ ಬಹಳ ಹೊತ್ತು ಒಳಗೆ ನೋಡಿದ. ಆಮೇಲೆ ಪುಸ್ತಕ ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ. "ಈ ಸೊಂಡಿಲು ಮೇಲ್ಯಾಕಿದೆ? ತಳದಲ್ಲಿ ಇದ್ದಿದ್ರೆ ಹೀರಿಕೊಂಡಿರ್ತಿತ್ತಲ್ಲ. ಮೇಲಿಡಿ ಅಂತ ಹೇಳಿದ್ದು ಯಾರು?"

ಮ್ಯಾನೇಜರ್ ಅಕ್ಕನನ್ನು ನೋಡಿದ. ಅವನ ಮುಖಕ್ಕೆ ಜೀವ ಬರುತ್ತಿತ್ತು. ಅವನು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು.

"ನಾನು. ಬರ್ಕೊಳ್ಳಿ. ಇಪ್ಪತ್ತೆರಡು ವರ್ಷದಿಂದ ನಾನೇ ಹೇಳ್ಕೊಟ್ಟಿದ್ದು. ಹೊಗೆ ಕಾಲದ ಬುದ್ಧಿ. ಹೊಗೆ ಹೋದ ಮೇಲೂ ನಾನು ಬದಲಾಯಿಸಲಿಲ್ಲ. ಅವನು ಬಿದ್ದಿದ್ದು ನನ್ನ ಮಾತು ಕೇಳಿದ್ದಕ್ಕೆ."

ಓರಗಿತ್ತಿ ಏಣಿಯ ಕಂಬಿ ಹಿಡಿದು ಅವಳನ್ನು ನೋಡಿದಳು. ಮೂರು ದಿನದಿಂದ ಗಂಡನ ಮೇಲೆ ಕೂಡಿಟ್ಟಿದ್ದ ಕೋಪಕ್ಕೆ ಈಗ ಜಾಗ ಬದಲಾಗಿತ್ತು.

"ಹಾಗಾದ್ರೆ ಅವರನ್ನ ಬೀಳಿಸಿದ್ದು ನೀವು."

"ಹೌದು."

"ನಾನು ಮೂರು ದಿನ ಒಳಗೆ ಹೋಗಲಿಲ್ಲ ಅಕ್ಕ. ಬಾಗಿಲ ಕಡೆಗೇ ನೋಡ್ತಿರ್ತಾರೆ ಅಂತ ನರ್ಸು ಹೇಳಿದ್ರು, ಆದ್ರೂ ಹೋಗಲಿಲ್ಲ."

"ಈಗ ಹೋಗು. ಹೋಗಿ ಹೇಳು ಅವನಿಗೆ, ಸೋಪು ಅಂತ ಗೊತ್ತಾಯ್ತು ಅಂತ. ನನ್ನನ್ನ ಬೈಯೋದಿದ್ರೆ ಆಮೇಲೆ ಮನೆಗೆ ಬಂದು ಬೈ. ನಾನೆಲ್ಲೂ ಹೋಗಲ್ಲ."

"ಬೈತೀನಿ," ಎಂದಳು ಓರಗಿತ್ತಿ. "ಬಿಡಲ್ಲ ನಿಮ್ಮನ್ನ." ಹೇಳಿ, ಏಣಿಯನ್ನು ಎರಡೆರಡು ಮೆಟ್ಟಿಲಾಗಿ ಇಳಿದಳು. ಚಪ್ಪಲಿ ಕೆಳಗೇ ಬಿಟ್ಟದ್ದನ್ನು ಮರೆತು ಬರಿಗಾಲಲ್ಲಿ ಗೇಟಿನ ಕಡೆ ಓಡಿದಳು. ರೇಡಿಯೋ ಇಳಿದು ಚಪ್ಪಲಿ ಎತ್ತಿಕೊಂಡು, "ಅಮ್ಮಾ, ಲಾರೀಲಿ ಬಿಡ್ತೀನಿ ಬನ್ನಿ, ಬಸ್ಸು ಈಗೆಲ್ಲಿ," ಎನ್ನುತ್ತಾ ಹಿಂದೆ ಓಡಿದ.

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿದ. ನಾಳೆ ಕೆಲಸ ನಡೆಯುವುದಿಲ್ಲ, ಎಲ್ಲ ಟ್ಯಾಂಕುಗಳ ಪೈಪೂ ತಳ ಮುಟ್ಟುವವರೆಗೆ ಬಾಗಿಲಿಗೆ ಬೀಗ ಎಂದ. ಬೋರ್ಡಿನ ನೋಟಿಸಿಗೆ ಬದಲಾಗಿ ಇನ್ನೊಂದು ನೋಟಿಸ್, ಅದೇ ಜಾಗದಲ್ಲಿ, ಮ್ಯಾನೇಜರನ ಸಹಿಯೊಡನೆ, ಎಂದೂ ಹೇಳಿದ.

"ನಾಳೆವರೆಗೆ ಯಾಕೆ?" ಎಂದಳು ಅಕ್ಕ.

ಅವಳು ನಾಲ್ಕನೇ ಟ್ಯಾಂಕಿನ ಬಾಯಿಯಲ್ಲಿ ತೂಗುತ್ತಿದ್ದ ಸೊಂಡಿಲನ್ನು ಕೊಕ್ಕೆಯಿಂದ ಕಳಚಿದಳು. ಆ ಕೊಕ್ಕೆಯನ್ನು ಅಟ್ಟಣಿಗೆಯ ಕಂಬಿಗೆ ಇಪ್ಪತ್ತೆರಡು ವರ್ಷದ ಹಿಂದೆ ಅವಳೇ ಬೆಸೆದಿದ್ದಳು. ಒಳ್ಳೆಯ ಬೆಸುಗೆ, ಇನ್ನೂ ಹಾಗೇ ಇತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು. ಸುತ್ತಿಗೆ ತೆಗೆದು ಬುಡಕ್ಕೆ ನಾಲ್ಕು ಏಟು ಹಾಕಿದಳು. ಕೊಕ್ಕೆ ಕಿತ್ತು ಹಾರಿ ಟ್ಯಾಂಕಿನೊಳಗೆ ಬಿದ್ದು ಗಂಟೆಯ ಹಾಗೆ ಮೊಳಗಿತು. ಇನ್ನು ಮುಂದೆ ಯಾರೂ ಅಲ್ಲಿ ಏನನ್ನೂ ತೂಗುಹಾಕುವಂತಿರಲಿಲ್ಲ.

ಆಮೇಲೆ ಪೈಪಿನ ಒಂದು ತುದಿಯನ್ನು ಹೆಗಲ ಮೇಲೆ ಹೊತ್ತು, ಇಳಿಯಲು ಹೊರಟಿದ್ದ ಮ್ಯಾನೇಜರನ ಕಡೆ ತಿರುಗಿದಳು.

"ಎಲ್ಲಿಗೆ ಸರ್? ಇನ್ನೂ ಐದು ಟ್ಯಾಂಕಿದೆ. ಆ ಕಡೆ ಹಿಡೀರಿ."

ಅವಳು ಅದನ್ನು ಎಷ್ಟು ಮೆಲ್ಲಗೆ ಹೇಳಿದಳೆಂದರೆ ಅವನು ಬಾಗಿ ಕೇಳಬೇಕಾಯಿತು. ಈ ಸಲ ಅವನಿಗೆ ಅರ್ಥವಾಯಿತು. ಕೋಟಿನ ತೋಳು ಮೇಲೇರಿಸಿ, ಮಸಿ ಹಿಡಿದ ಪೈಪಿನ ಇನ್ನೊಂದು ತುದಿಯನ್ನು ಹಿಡಿದ. ಇಬ್ಬರೂ ಅದನ್ನು ಕೈ ಬದಲಿಸುತ್ತಾ, ತಳ ಮುಟ್ಟಿದ ಸದ್ದು ಕೇಳುವವರೆಗೆ ಕೆಳಗೆ ಬಿಟ್ಟರು.